ಹಾಳು ಮಾಡಿದವರು ನಿಮ್ಮಲ್ಲೇ ಒಬ್ಬರು

ಕಚೇರಿಯಲ್ಲಿ ಒಬ್ಬ ಮನುಷ್ಯನಿಗೆ ಮರ್ಯಾದೆ ಸಿಗಬೇಕಾದರೆ ಅವನು ಮಾಡುವ ಕೆಲಸ ಉಳಿದವರಿಗೆ ಪೂರ್ತಿ ಅರ್ಥವಾಗಬಾರದು. ಜೋಡಣೆ ಸಾರ್ ಈ ಗುಟ್ಟನ್ನು ಯಾರಿಂದಲೂ ಕಲಿತವರಲ್ಲ. ಅದು ಅವರಿಗೆ ತಾನಾಗಿ ಒಲಿದಿತ್ತು.

ಅವರಿದ್ದ ಕಂಪನಿ ಹಲ್ಲಿನ ಡಾಕ್ಟರುಗಳಿಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಡುತ್ತಿತ್ತು. ಯಾವ ರೋಗಿ ಯಾವಾಗ ಬರಬೇಕು, ಯಾವ ಹಲ್ಲು ಕೀಳಬೇಕು, ಕಿತ್ತ ಮೇಲೆ ಬಿಲ್ ಹೇಗೆ, ಎಲ್ಲವೂ ಅದರಲ್ಲಿತ್ತು. ಒಬ್ಬೊಬ್ಬರು ಒಂದೊಂದು ಭಾಗ ಬರೆಯುತ್ತಿದ್ದರು. ಬಿಲ್ಲಿನ ಭಾಗ ಬರೆಯುವಾಕೆಯನ್ನು ಎಲ್ಲರೂ ಬಿಲ್ಲಮ್ಮ ಎನ್ನುತ್ತಿದ್ದರು. ರೋಗಿಗಳಿಗೆ ‘ನಾಳೆ ಮರೆಯದೆ ಬನ್ನಿ’ ಎಂದು ನೆನಪಿಸುವ ಭಾಗ ಗಡ್ಡದವನದು. ಇನ್ನೂ ಕೆಲವರಿದ್ದರು. ಹೀಗೆ ವಾರವಿಡೀ ತಮ್ಮ ತಮ್ಮ ಮೂಲೆಯಲ್ಲಿ ಕೂತು ಬರೆದದ್ದನ್ನೆಲ್ಲ ಗುರುವಾರ ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದುತ್ತದೋ ಇಲ್ಲವೋ ನೋಡಿ, ಹೊಂದದಿದ್ದರೆ ತಿಕ್ಕಿ ತೀಡಿ ಹೊಂದಿಸುವುದು ಜೋಡಣೆ ಸಾರ್ ಕೆಲಸ.

ಹೊಂದುವುದು ಅಪರೂಪ. ಗಡ್ಡದವನು ತನ್ನ ಭಾಗದಲ್ಲಿ ಒಂದು ಸಾಲು ತಿದ್ದಿದರೆ ಅತ್ತ ಬಿಲ್ಲಮ್ಮನ ಲೆಕ್ಕದಲ್ಲಿ ರೋಗಿಯ ಬಾಯಲ್ಲಿರುವುದಕ್ಕಿಂತ ಹೆಚ್ಚು ಹಲ್ಲು ಕಿತ್ತಂತೆ ಬರುತ್ತಿತ್ತು. ಇಂಥದ್ದನ್ನು ಬಿಡಿಸಿ ಕೂಡಿಸುವಾಗ ಜೋಡಣೆ ಸಾರ್ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ‘ಜೋಡಣೆ ನಡೆದಿದೆ’ ಎಂಬ ಹಲಗೆ ತೂಗುಹಾಕುತ್ತಿದ್ದರು. ಆ ಹಲಗೆ ತೂಗುತ್ತಿರುವಷ್ಟು ಹೊತ್ತು ಜನ ತುದಿಗಾಲಲ್ಲಿ ಓಡಾಡುತ್ತಿದ್ದರು. ಕಂಪನಿಯ ಒಡತಿ ಮೇಡಂ ಕೂಡ ಬಾಗಿಲು ತಟ್ಟಿಯೇ ಒಳಗೆ ಬರುತ್ತಿದ್ದರು. ಕೊನೆಗೆ ಸಾರ್ ಹೊರಗೆ ಬಂದು, ದೊಡ್ಡ ಆಪರೇಷನ್ ಮುಗಿಸಿದ ಡಾಕ್ಟರ ಹಾಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ‘ಉಳೀತು’ ಎನ್ನುತ್ತಿದ್ದರು. ಎಲ್ಲರೂ ಉಸಿರು ಬಿಡುತ್ತಿದ್ದರು. ಜೋಡಣೆ ಸಾರ್ ಬದುಕುತ್ತಿದ್ದದ್ದೇ ಆ ಒಂದು ಮಾತಿಗಾಗಿ ಎಂದರೆ ಸುಳ್ಳಲ್ಲ.

ಹೀಗಿರುವಾಗ ಮೇಡಂ ಎಲ್ಲಿಗೋ ಒಂದು ಸಮ್ಮೇಳನಕ್ಕೆ ಹೋಗಿಬಂದರು. ಸಮ್ಮೇಳನಗಳಿಗೆ ಹೋದವರು ಬರಿಗೈಯಲ್ಲಿ ಬರುವುದಿಲ್ಲ. ನಿರಂತರ ಜೋಡಣೆಯ ಸಾಧನ ಎಂಬುದೊಂದನ್ನು ಅವರು ಅಲ್ಲಿ ನೋಡಿಕೊಂಡು ಬಂದಿದ್ದರು. ಅದು ಗುರುವಾರದವರೆಗೆ ಕಾಯುವುದಿಲ್ಲವಂತೆ. ಯಾರೇ ಒಂದು ತುಂಡು ಬರೆದು ಒಪ್ಪಿಸಲಿ, ಆ ಕ್ಷಣವೇ ಅದನ್ನು ಉಳಿದದ್ದರ ಜೊತೆ ಜೋಡಿಸಿ ನೋಡುತ್ತದಂತೆ. ಹೊಂದಿದರೆ ಪರದೆಯ ಮೇಲೆ ಹಸಿರು ಚುಕ್ಕೆ, ಹೊಂದದಿದ್ದರೆ ಕೆಂಪು. ಕೆಂಪು ಬಂದರೆ ಎಲ್ಲರ ಫೋನಿಗೂ ಸಂದೇಶ. ಮೇಡಂ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿ, ಸ್ವಲ್ಪ ದಿನ ಬಳಸಿ ನೋಡಿ, ಒಳ್ಳೆಯದೆಷ್ಟು ಕೆಟ್ಟದ್ದೆಷ್ಟು ತೂಗಿ ನನಗೆ ಹೇಳಿ, ಆಮೇಲೆ ನಿರ್ಧಾರ ಮಾಡೋಣ ಎಂದು ಜೋಡಣೆ ಸಾರ್‌ಗೇ ಒಪ್ಪಿಸಿದರು. ಕುರಿಯನ್ನೇ ಕರೆದು ಮಚ್ಚಿನ ಗುಣದೋಷ ವಿಚಾರಿಸಿದ ಹಾಗಾಯಿತು.

ಆ ಸಂಜೆ ಊಟಕ್ಕೆ ಕೂತಾಗ ಸಾರ್ ಈ ಸುದ್ದಿಯನ್ನು ಹೆಂಡತಿಗೆ ತಮ್ಮದೇ ರೀತಿಯಲ್ಲಿ ತಿಳಿಸಿದರು. ಕಂಪನಿಯ ಮುಂದಿನ ದಾರಿ ಏನೆಂಬುದು ಸದ್ಯಕ್ಕೆ ತಮ್ಮ ಒಂದು ಮಾತಿನ ಮೇಲೆ ನಿಂತಿದೆ ಎಂದರು. ಹೆಂಡತಿ ಆ ಸಾಧನ ಏನು ಮಾಡುತ್ತದೆ ಎಂದು ಕೇಳಿದರು. ಸಾರ್ ವಿವರವಾಗಿ ಹೇಳಿದರು.

“ಅಂದ್ರೆ ನೀವು ಗುರುವಾರ ಮಾಡೋದನ್ನ ಅದು ದಿನಾ ಮಾಡುತ್ತೆ.”

“ಹೆಚ್ಚುಕಡಿಮೆ.”

“ಹಾಗಾದ್ರೆ ಗುರುವಾರ ನೀವೇನು ಮಾಡ್ತೀರಿ?”

ಸಾರ್ ಉಪ್ಪು ಕೇಳಿದರು. ಉಪ್ಪು ಅವರ ತಟ್ಟೆಯ ಪಕ್ಕದಲ್ಲೇ ಇತ್ತು.

ಅಂದು ಹಾಸಿಗೆಯ ಮೇಲೆ ಹೊರಳಾಡುತ್ತ ಅವರಿಗೆ ನೆನಪಾದದ್ದು ಹೆಂಡತಿಯ ದೊಡ್ಡಪ್ಪ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದ ಅವರನ್ನು ನೆಂಟರೆಲ್ಲ ಸ್ಟೇಷನ್ ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಮೊದಲ ಮಾತೂ ಅವರದು, ಕೊನೆಯ ಮಾತೂ ಅವರದು. ಹೋದ ಸಲ ಸೇರಿದಾಗ ಅವರು ಎಲ್ಲರ ಎದುರಿಗೆ, ಅಳಿಯಂದಿರು ಮಾಡೋ ಕೆಲಸ ನಾಳೆ ಯಾವುದಾದರೂ ಯಂತ್ರ ಮಾಡಿಬಿಡುತ್ತೆ ನೋಡ್ತಾ ಇರಿ, ಎಂದು ನಕ್ಕಿದ್ದರು. ಉಳಿದವರೂ ನಕ್ಕಿದ್ದರು. ಸಾರ್ ಕೂಡ ಮರ್ಯಾದೆಗೆ ನಕ್ಕಿದ್ದರು. ಈಗ ಆ ಯಂತ್ರ ಬಂದು ಮೇಜಿನ ಮೇಲೆ ಕೂತಿತ್ತು. ಅದು ಉಳಿದರೆ ಹಲಗೆ ಹೋಗುತ್ತದೆ, ಹಲಗೆಯ ಹಿಂದೆ ಕೋಣೆ ಹೋಗುತ್ತದೆ, ಕೋಣೆಯ ಹಿಂದೆ ತಾನು. ಆದ್ದರಿಂದ ತಕ್ಕಡಿಯಲ್ಲಿ ಕೆಟ್ಟದ್ದರ ತಟ್ಟೆ ಕೆಳಗೆ ಬರಲೇಬೇಕು ಎಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಆದರೆ ಸ್ವಭಾವತಃ ಅವರು ಪ್ರಾಮಾಣಿಕರು. ಮೋಸ ಮಾಡಲು ಬೇಕಾದ ಧೈರ್ಯ ಅವರಲ್ಲಿರಲಿಲ್ಲ. ಮಾರನೆಯ ದಿನ ಸಾಧನವನ್ನು ಶ್ರದ್ಧೆಯಿಂದಲೇ ಸಜ್ಜುಗೊಳಿಸಿದರು. ಕೆಂಪು ಬಂದಾಗ ಏನೆಂದು ಸಂದೇಶ ಕಳಿಸಬೇಕು ಎಂದು ಅದು ಕೇಳಿತು. ಅದರ ಜೊತೆಗೇ ಬಂದಿದ್ದ ಎರಡು ಪದದ ಸಂದೇಶ ಸಾರ್‌ಗೆ ತೀರಾ ಒರಟು ಎನಿಸಿತು. ಕಂಪನಿಯ ಘನತೆಗೆ ತಕ್ಕಂತೆ ತಾವೇ ಬರೆದರು: ‘ಎಲ್ಲವೂ ಸರಿಯಾಗಿತ್ತು. ಈಗ ಹಾಳಾಗಿದೆ. ಹಾಳು ಮಾಡಿದವರು ನಿಮ್ಮಲ್ಲೇ ಒಬ್ಬರು. ಯಾರೆಂದು ಅವರಿಗೇ ಗೊತ್ತು. ದಯವಿಟ್ಟು ಕೂಡಲೇ ಸರಿಪಡಿಸಬೇಕಾಗಿ ವಿನಂತಿ.’ ಹಸಿರಿಗೂ ಒಂದು ಬರೆದರು: ‘ಸರಿಹೋಯಿತು. ಸರಿಪಡಿಸಿದವರಿಗೆ ಧನ್ಯವಾದ. ಇನ್ನು ಮುಂದೆಯೂ ಹೀಗೇ ಇರಿ.’ ಎರಡನ್ನೂ ಮತ್ತೆ ಓದಿಕೊಂಡು, ಒಂದು ಕಡೆ ಅಲ್ಪವಿರಾಮ ಹಾಕಿ, ಅದು ಬೇಡವೆನಿಸಿ ತೆಗೆದರು.

ಸಾಧನಕ್ಕೆ ಸ್ವಂತ ಫೋನ್ ನಂಬರ್ ಇರಲಿಲ್ಲ. ತಮ್ಮ ಫೋನನ್ನೇ ಅದಕ್ಕೆ ಜೋಡಿಸಿದರು. ಹಾಗಾಗಿ ಸಂದೇಶಗಳು ಹೋಗುವುದು ಅವರ ಹೆಸರಿನಲ್ಲಿ. ಯಾವ ಗುಂಪಿಗೆ ಹೋಗಬೇಕು ಎಂದು ಕೊನೆಯ ಪ್ರಶ್ನೆ ಬಂತು. ಫೋನಿನ ಪಟ್ಟಿಯಲ್ಲಿ ಕಚೇರಿಯ ಗುಂಪು ಮೇಲಿತ್ತು, ಅದರ ಕೆಳಗೇ ಹೆಂಡತಿಯ ತವರಿನವರ ಗುಂಪು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಸಾರ್ ಅತ್ತ ತಿರುಗಿ ‘ಬಂದೆ’ ಎಂದರು. ಹೆಬ್ಬೆರಳು ಕೆಳಗಿನ ಗುಂಪಿನ ಮೇಲೆ ಬಿತ್ತು. ಸಾಧನ ಅದನ್ನು ವಿಧೇಯವಾಗಿ ಒಪ್ಪಿಕೊಂಡಿತು.

ಆ ಗುಂಪಿನವರು ಬೆಳಗಾದರೆ ಹೂವಿನ ಚಿತ್ರ ಹಾಕಿ ಶುಭ ಕೋರುತ್ತಾರೆ ಎಂಬ ಕಾರಣಕ್ಕೆ ಸಾರ್ ಅದರ ಸದ್ದನ್ನು ಎಂದೋ ಅಡಗಿಸಿಟ್ಟಿದ್ದರು. ತೆರೆದು ನೋಡಿದ್ದಂತೂ ನೆನಪಿಲ್ಲ. ಹಾಗಾಗಿ ಮುಂದೆ ನಡೆದದ್ದೆಲ್ಲ ಅವರ ಜೇಬಿನಲ್ಲೇ ನಡೆದರೂ ಅವರಿಗೆ ತಿಳಿಯಲಿಲ್ಲ.

ಮೊದಲ ಕೆಂಪು ಚುಕ್ಕೆ ಅವತ್ತೇ ಬಂತು. ಸಾರ್ ಗಡ್ಡದವನ ಹತ್ತಿರ ಹೋಗಿ ಫೋನಿಗೆ ಏನಾದರೂ ಬಂತೇ ಎಂದು ಕೇಳಿದರು. ಏನೂ ಇಲ್ಲ ಎಂದ. ಬಿಲ್ಲಮ್ಮನನ್ನು ಕೇಳಿದರು. ಅವಳಿಗೂ ಇಲ್ಲ. ಸಾರ್ ಮುಖ ಅರಳಿತು. ಸಾಧನದ ಪರದೆಯಲ್ಲಿ ಮಾತ್ರ ‘ಸಂದೇಶ ತಲುಪಿದೆ’ ಎಂದಿತ್ತು. ಕೆಲಸ ಮಾಡುವುದಿಲ್ಲ, ಮೇಲೆ ಸುಳ್ಳು ಬೇರೆ ಹೇಳುತ್ತದೆ. ಕೆಟ್ಟದ್ದರ ತಟ್ಟೆಗೆ ಒಂದೇ ದಿನಕ್ಕೆ ಎರಡು ಕಲ್ಲು ಬಿದ್ದವು.

ಆ ಹೊತ್ತಿಗೆ ಊರಿನ ಇನ್ನೊಂದು ಮೂಲೆಯಲ್ಲಿ ಅವರ ಭಾಮೈದ ಗೋಡೆಗೆ ಬಣ್ಣ ಬಳಿಯುತ್ತ ಏಣಿಯ ಮೇಲೆ ನಿಂತಿದ್ದ. ಏಣಿ ಭಾವನದು. ಎರಡು ದಿನಕ್ಕೆಂದು ತಂದದ್ದು ಅವನ ಮನೆಯಲ್ಲೇ ಬೇರುಬಿಟ್ಟಿತ್ತು, ಅದರ ಒಂದು ಮೆಟ್ಟಿಲೂ ಮುರಿದಿತ್ತು. ಫೋನ್ ಗುಣುಗುಟ್ಟಿತು. ‘ಎಲ್ಲವೂ ಸರಿಯಾಗಿತ್ತು. ಈಗ ಹಾಳಾಗಿದೆ.’ ಅವನು ಕಾಲ ಕೆಳಗೆ ನೋಡಿಕೊಂಡ. ಭಾವ ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ. ಅಂಥವರು ಇಡೀ ಕುಟುಂಬದ ಎದುರಿಗೆ, ಅದೂ ಇಷ್ಟು ಮರ್ಯಾದೆಯಿಂದ ಬರೆದಿದ್ದಾರೆ ಎಂದರೆ ಎಷ್ಟು ನೊಂದಿರಬೇಡ. ಅವತ್ತೇ ಬಡಗಿಯನ್ನು ಹಿಡಿದು ಮೆಟ್ಟಿಲು ಹೊಡೆಸಿ, ಸಂಜೆ ಏಣಿಯನ್ನು ಹೊತ್ತುಕೊಂಡು ಹೋಗಿ ಅಕ್ಕನ ಮನೆಯ ಗೋಡೆಗೆ ಒರಗಿಸಿದ. ಕೈ ಒರೆಸಿಕೊಳ್ಳುತ್ತಿದ್ದಂತೆ ಫೋನ್ ಮತ್ತೆ ಗುಣುಗುಟ್ಟಿತು. ‘ಸರಿಹೋಯಿತು. ಸರಿಪಡಿಸಿದವರಿಗೆ ಧನ್ಯವಾದ.’ ಭಾಮೈದ ಸುತ್ತಲೂ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ. ಅವನ ಮೈ ಜುಮ್ಮೆಂದಿತು.

ನಿಜ ಸಂಗತಿ ಎಂದರೆ ಆ ಗಳಿಗೆಯಲ್ಲಿ ಗಡ್ಡದವನು ಮನೆಗೆ ಹೊರಡುವ ಮುಂಚೆ ಪರದೆ ನೋಡಿ, ಕೆಂಪು ಚುಕ್ಕೆ ಕಂಡು, ತನ್ನ ಸಾಲನ್ನು ತಿದ್ದಿದ್ದ.

ಭಾಮೈದ ಈ ಪವಾಡವನ್ನು ಮನೆಮನೆಗೂ ಫೋನ್ ಮಾಡಿ ತಿಳಿಸಿದ. ಹಾಗಾಗಿ ಎರಡನೆಯ ಕೆಂಪು ಬಂದಾಗ ನೆಂಟರು ಸಿದ್ಧರಾಗಿದ್ದರು. ಈಗ ಯಾರ ಸರದಿ ಎಂದು ಎಲ್ಲರೂ ಎಲ್ಲರನ್ನೂ ವಿಚಾರಿಸಿದರು, ಒಳಗೊಳಗೆ ತಮ್ಮನ್ನೂ. ಸಾರ್ ಅತ್ತೆಗೂ ಅವರ ಹಿರಿಯ ಮಗಳಿಗೂ, ಎಂದರೆ ಸಾರ್ ಹೆಂಡತಿಯ ಅಕ್ಕನಿಗೂ, ಹೊಲಿಗೆ ಯಂತ್ರವೊಂದರ ದೆಸೆಯಿಂದ ಬಹಳ ದಿನದಿಂದ ಮಾತಿರಲಿಲ್ಲ. ಕೊಟ್ಟದ್ದು ಎಂದು ಮಗಳು, ಇಸಕೊಂಡು ಹೋದದ್ದು ಎಂದು ತಾಯಿ. ಹಿರಿಯ ಮಗಳು ಮಧ್ಯಾಹ್ನ ಆ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ತಾಯಿಯ ಮನೆಗೆ ಬಂದಳು. ಅತ್ತೆ ಬೇಡವೆಂದು ಅತ್ತರು, ಮಗಳು ಇಟ್ಟುಕೋ ಎಂದು ಅತ್ತಳು. ಇಬ್ಬರೂ ಸೇರಿ ಅಳುತ್ತಿರುವಾಗಲೇ ಹಸಿರು ಸಂದೇಶ ಬಂತು. ಇನ್ನು ಮುಂದೆಯೂ ಹೀಗೇ ಇರಿ ಎಂಬ ಸಾಲನ್ನು ಅತ್ತೆ ಎರಡು ಸಲ ಓದಿಸಿಕೊಂಡು, ಅಳಿಯ ಅಂದ್ರೆ ಹೀಗಿರಬೇಕು ಎಂದರು. ಅಳಿಯನ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು.

ಇನ್ನು ಜೋಡಣೆ ಸಾರ್ ಹೆಂಡತಿ. ಅವರೂ ಆ ಗುಂಪಿನಲ್ಲಿದ್ದರು. ತಮ್ಮ ತವರಿನವರ ಮುಂದೆ ಬಾಯಿ ಬಿಡದ ಗಂಡ ಕೊನೆಗೂ ಎದ್ದು ನಿಂತಿದ್ದಾರೆ ಎಂದು ಅವರಿಗೆ ಮೊದಲು ಗಾಬರಿ, ಆಮೇಲೆ ಹೆಮ್ಮೆ. ಕೇಳಿಬಿಟ್ಟರೆ ಎಲ್ಲಿ ಪುನಃ ಕೂತುಬಿಡುತ್ತಾರೋ ಎಂಬ ಭಯಕ್ಕೆ ಕೇಳಲೇ ಇಲ್ಲ. ಸುಮ್ಮನೆ ಕಾಫಿಗೆ ಒಂದಿಷ್ಟು ಹೆಚ್ಚು ಹಾಲು ಹಾಕತೊಡಗಿದರು. ಅಂಗಳಕ್ಕೆ ಏಣಿ ಬಂದದ್ದನ್ನೂ ಕಾಫಿ ಗಟ್ಟಿಯಾದದ್ದನ್ನೂ ಸಾರ್ ಗಮನಿಸಿದರು. ಕಚೇರಿಯಲ್ಲಿ ತಮಗೆ ಒಪ್ಪಿಸಿದ ಜವಾಬ್ದಾರಿಯ ತೂಕ ಹೊರಗಿನ ಪ್ರಪಂಚಕ್ಕೂ ಗೊತ್ತಾಗುತ್ತಿದೆ ಎಂದುಕೊಂಡರು.

ಆದರೂ ಅವರಿಗೆ ಒಂದು ಚಿಂತೆ ಇತ್ತು. ಒಳ್ಳೆಯದರ ತಟ್ಟೆ ಯಾರೂ ಕೇಳದಿದ್ದರೂ ತುಂಬುತ್ತಿತ್ತು. ದಿನವೂ ಜೋಡಿಸುವುದರಿಂದ ತಪ್ಪುಗಳು ಸಣ್ಣವಿರುವಾಗಲೇ ಸಿಕ್ಕಿಬೀಳುತ್ತಿದ್ದವು. ಗುರುವಾರ ಬಂದಾಗ ಹಲಗೆ ತೂಗುಹಾಕಿ ಒಳಗೆ ಹೋದರೆ, ಹೊಂದಿಸಲು ಏನೂ ಉಳಿದಿರಲಿಲ್ಲ. ಹೊರಗೆ ಜನ ತುದಿಗಾಲಲ್ಲಿ ನಡೆಯುತ್ತಿದ್ದಾರೆ, ಒಳಗೆ ಸಾರ್ ಉಗುರು ಕತ್ತರಿಸಿಕೊಳ್ಳುತ್ತಿದ್ದಾರೆ. ತೀರಾ ಬೇಗ ಹೊರಗೆ ಬಂದರೆ ಚೆನ್ನಾಗಿರುವುದಿಲ್ಲವೆಂದು ಕಾಲಿನ ಉಗುರನ್ನೂ ಕತ್ತರಿಸಿಕೊಂಡು, ಹೊರಬಂದು ಕಣ್ಣುಜ್ಜಿಕೊಂಡು ‘ಉಳೀತು’ ಎಂದರು. ಈ ಸಲ ಆ ಮಾತು ಅವರಿಗೇ ರುಚಿಸಲಿಲ್ಲ.

ಸೋಮವಾರ ಮೇಡಂ ಎದುರಿಗೆ ಸಾಧನದ ವಿಚಾರಣೆ. ಅಂದು ಬೆಳಿಗ್ಗೆಯೇ ಬಿಲ್ಲಮ್ಮ ಒಪ್ಪಿಸಿದ ತುಂಡೊಂದು ಹೊಂದಲಿಲ್ಲ. ಅವಳು ಸರಿಪಡಿಸಲು ಹೋದದ್ದು ಇನ್ನಷ್ಟು ಕೆಟ್ಟಿತು. ಕೆಂಪಿನ ಮೇಲೆ ಕೆಂಪು. ಅತ್ತ ನೆಂಟರ ಫೋನುಗಳಲ್ಲಿ ‘ಹಾಳು ಮಾಡಿದವರು ನಿಮ್ಮಲ್ಲೇ ಒಬ್ಬರು’ ಎಂದು ಮೇಲಿಂದ ಮೇಲೆ ಬರತೊಡಗಿತು. ಏಣಿ ಬಂದಾಗಿತ್ತು, ಹೊಲಿಗೆ ಯಂತ್ರ ಹೋಗಿಯಾಗಿತ್ತು. ಇನ್ನು ಉಳಿದವರು ಯಾರು? ಎಲ್ಲರ ಬೆರಳೂ ಸ್ಟೇಷನ್ ದೊಡ್ಡಪ್ಪನ ಕಡೆ ತಿರುಗಿತು. ಕೆಂಪು ಬಿದ್ದಾಗ ಗಾಡಿ ಬಿಡುವ ಜಾತಿಯವರಲ್ಲ ಅವರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಸಾಕ್ಷಿಗೆ ಭಾಮೈದನನ್ನೂ ಅತ್ತೆಯನ್ನೂ ಕರೆದುಕೊಂಡು ನೇರವಾಗಿ ಕಚೇರಿಗೇ ಹೊರಟರು.

ಮೇಡಂ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಜೋಡಣೆ ಸಾರ್ ಒಳ್ಳೆಯದನ್ನೆಲ್ಲ ಸಣ್ಣ ದನಿಯಲ್ಲಿ ಬೇಗ ಬೇಗ ಮುಗಿಸಿ, ಕೆಟ್ಟದ್ದಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡರು. ಈ ಸಾಧನಕ್ಕೆ ದಾಕ್ಷಿಣ್ಯವಿಲ್ಲ, ಹೊಸಬರು ಹಳಬರು ಎಂಬ ಭೇದವಿಲ್ಲ ಎಂದರು. ಅದು ಒಳ್ಳೆಯದೇ ಅಲ್ಲವೇ ಎಂದು ಮೇಡಂ ಕೇಳಿದ್ದಕ್ಕೆ ಉತ್ತರ ಕೊಡದೆ ಮುಂದೆ ಹೋದರು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಇದಕ್ಕೆ ಬಾಯಿಲ್ಲ ಎಂದರು. ಇಷ್ಟು ದಿನದಲ್ಲಿ ಇದು ಯಾರಿಗೂ ಒಂದು ಸಂದೇಶ ಕಳಿಸಿಲ್ಲ, ಕಳಿಸಿದೆ ಎಂದು ಸುಳ್ಳು ಮಾತ್ರ ಹೇಳುತ್ತದೆ, ಇಂಥದ್ದನ್ನು ನಂಬಿ ಹಲ್ಲಿನ ಡಾಕ್ಟರುಗಳ ಕೈಗೆ ಏನು ಕೊಡುವುದು ಎಂದರು. ಗಡ್ಡದವನೂ ಬಿಲ್ಲಮ್ಮನೂ ಹೌದೆಂದು ತಲೆಯಾಡಿಸಿದರು. ಮೇಡಂ ನಿಟ್ಟುಸಿರು ಬಿಟ್ಟರು. ತಕ್ಕಡಿ ವಾಲಿತು.

ಆಗ ಬಾಗಿಲು ತೆರೆಯಿತು. ಮುಂದೆ ಕೋಟು, ಹಿಂದೆ ಅತ್ತೆ, ಅವರ ಹಿಂದೆ ಭಾಮೈದ. ಅವರನ್ನು ತಡೆಯಲು ಹೋಗಿ ಸೋತ ಸೆಕ್ಯುರಿಟಿಯವನು ಕೊನೆಗೆ.

ಸ್ಟೇಷನ್ ದೊಡ್ಡಪ್ಪ ಕೈಮುಗಿದರು. “ಅಳಿಯಂದಿರೇ, ಕೆಂಪು ತೋರಿಸಿದ್ದು ಸಾಕು. ತಪ್ಪು ನನ್ನದು. ನಿಮ್ಮ ಕೆಲಸ ನಾಳೆ ಯಂತ್ರ ಮಾಡುತ್ತೆ ಅಂತ ನಾಲ್ಕು ಜನರ ಮುಂದೆ ಅಂದಿದ್ದೆ. ಇಲ್ಲೂ ನಾಲ್ಕು ಜನ ಇದ್ದಾರೆ, ಇವರ ಮುಂದೇನೇ ವಾಪಸ್ ತಗೋತೀನಿ.”

ಮೇಡಂ ಏನು ಕೆಂಪು, ಯಾವ ತಪ್ಪು ಎಂದು ವಿಚಾರಿಸಿದರು. ದೊಡ್ಡಪ್ಪ ಫೋನ್ ಮುಂದಿಟ್ಟರು. ಮೇಡಂ ಓದುತ್ತ ಹೋದರು, ಸಾಧನದ ಪರದೆಯನ್ನೂ ಪಕ್ಕಕ್ಕಿಟ್ಟುಕೊಂಡು ಹೋಲಿಸಿದರು. ಒಂದೇ ಒಂದು ಕೆಂಪು ತಪ್ಪಿರಲಿಲ್ಲ, ಒಂದೇ ಒಂದು ಹಸಿರು ತಡವಾಗಿರಲಿಲ್ಲ. ಸಾರ್‌ಗೆ ಈಗ ತಮ್ಮ ಹೆಬ್ಬೆರಳು ನೆನಪಾಯಿತು. ಅದನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡರು.

ಇದನ್ನೆಲ್ಲ ಕಳಿಸಿದ್ದು ನಿಮ್ಮ ಅಳಿಯಂದಿರಲ್ಲ, ಈ ಸಾಧನ ಎಂದು ಮೇಡಂ ಮೆಲ್ಲಗೆ ತಿಳಿಸಿದರು.

“ಹಾಗಾದ್ರೆ ನನ್ನ ಏಣಿ?” ಎಂದ ಭಾಮೈದ.

“ನಿನ್ನದೇನೋ, ಅವರದು,” ಎಂದು ಅತ್ತೆ ತಿದ್ದಿದರು.

ಗುಂಪು ತಪ್ಪಾಗಿದ್ದದ್ದು ಮನುಷ್ಯನಿಂದ, ಸಾಧನದ ದೋಷ ಏನೂ ಇಲ್ಲವಲ್ಲ ಎಂದು ಬಿಲ್ಲಮ್ಮ ತನ್ನ ಪಾಡಿಗೆ ಹೇಳಿದಳು. ತಕ್ಕಡಿ ದಢಾರನೆ ಒಳ್ಳೆಯದರ ಕಡೆ ಬಿತ್ತು. ಜೋಡಣೆ ಸಾರ್ ಕಣ್ಣಿಗೆ ತಮ್ಮ ಹಲಗೆಯನ್ನು ಯಾರೋ ಮೊಳೆಯಿಂದ ಇಳಿಸುತ್ತಿರುವುದು ಕಂಡಿತು. ಅವರು ದೊಡ್ಡಪ್ಪನಿಗೆ ಕುರ್ಚಿ ಎಳೆದುಕೊಟ್ಟರು.

ದೊಡ್ಡಪ್ಪ ಕೂರಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. “ಯಂತ್ರ ಅಂತ ಗೊತ್ತಿದ್ದಿದ್ರೆ ನಾನು ಮನೆಯಿಂದ ಹೊರಡ್ತಾನೇ ಇರಲಿಲ್ಲ, ತಾಯಿ. ಯಂತ್ರ ಬೇಜಾರು ಮಾಡ್ಕೊಂಡ್ರೆ ನನಗೇನು? ನಲವತ್ತು ಊರಲ್ಲಿ ಕೆಂಪು ದೀಪ ನೋಡಿದೀನಿ. ದೀಪಕ್ಕೆ ಹೆದರಿ ಯಾರೂ ಗಾಡಿ ನಿಲ್ಲಿಸಲ್ಲ. ಅದರ ಹಿಂದೆ ಒಬ್ಬ ಮನುಷ್ಯ ಕೂತಿದಾನೆ, ನಾಳೆ ಕೇಳ್ತಾನೆ ಅಂತ ನಿಲ್ಲಿಸ್ತಾರೆ. ಇವರು ನೊಂದಿದಾರೆ ಅಂತ ನಾವು ಬಂದ್ವಿ. ಅಷ್ಟೇ.”

ಮೇಡಂ ಸಾಧನದ ಕಡೆ ತಿರುಗಿದರು. ಪರದೆಯ ಮೇಲೆ ಬೆಳಗಿನ ಕೆಂಪು ಚುಕ್ಕೆ ಹಾಗೇ ಉರಿಯುತ್ತಿತ್ತು. ಬೆಳಗಿನಿಂದ ಇಲ್ಲಿಯವರು ಅದರ ಪಕ್ಕದಲ್ಲೇ ಕಾಫಿ ಕುಡಿದಿದ್ದರು, ಹವಾಮಾನದ ವಿಷಯ ಮಾತಾಡಿದ್ದರು. ಅದೇ ಕೆಂಪಿಗೆ ಊರಾಚೆಯಿಂದ ಒಬ್ಬ ವಯಸ್ಸಾದವರು ಕೋಟು ಹಾಕಿಕೊಂಡು ಬಂದು ನಿಂತಿದ್ದರು. ಮೇಡಂ ಬಿಲ್ಲಮ್ಮನ ಕಡೆ ನೋಡಿದರು. ಬಿಲ್ಲಮ್ಮ ತಾನೇ ಎದ್ದು ಹೊರಗೆ ಹೋದಳು.

ನಿರ್ಧಾರ ಹೀಗಾಯಿತು. ಸಾಧನ ಇರಲಿ. ಜೋಡಿಸುವುದು ಅದರ ಕೆಲಸ. ಸಂದೇಶ ಮಾತ್ರ ಜೋಡಣೆ ಸಾರ್ ಹೆಸರಿನಲ್ಲೇ, ಅವರದೇ ಮಾತಿನಲ್ಲೇ ಹೋಗಲಿ, ದಯವಿಟ್ಟು ಸರಿಯಾದ ಗುಂಪಿಗೆ. ಕೆಂಪು ಹಸಿರಾಗುವವರೆಗೆ ಕೇಳುವ ಅಧಿಕಾರ ಅವರದು. ಕೋಣೆ ಅವರಿಗೇ ಇರಲಿ. ಹಲಗೆಯ ವಿಷಯ ಮೇಡಂ ಎತ್ತಲಿಲ್ಲ, ಸಾರ್ ಕೂಡ ಎತ್ತಲಿಲ್ಲ.

ಮರುದಿನ ಸಾರ್ ಕಚೇರಿಗೆ ಅಳುಕುತ್ತಲೇ ಬಂದರು. ದಾರಿಯಲ್ಲಿ ಬಸ್ ಕೆಟ್ಟು ತಡವಾಗಿತ್ತು. ಯಾವುದೋ ಒಂದು ಕೆಂಪು ಸಂದೇಶ ಅಷ್ಟರಲ್ಲೇ ಹೋಗಿತ್ತು. ಏನು ಕೆಟ್ಟಿದೆ, ಯಾರಿಂದ ಕೆಟ್ಟಿದೆ ಎಂದು ನೋಡಲು ಅವರು ಇನ್ನೂ ಕಂಪ್ಯೂಟರ್ ಹಾಕಿರಲಿಲ್ಲ. ಕುರ್ಚಿಯಲ್ಲಿ ಕೂತದ್ದೇ ತಡ, ಗಡ್ಡದವನು ಬಂದು ನಿಂತ. ಭಾನುವಾರದ ದಿನವೂ ರೋಗಿಗಳಿಗೆ ಬನ್ನಿ ಎಂದು ಸಂದೇಶ ಹೋಗುವಂತೆ ತಾನೇ ಮಾಡಿಬಿಟ್ಟಿದ್ದೇನೆ, ಈಗಲೇ ತಿದ್ದುತ್ತೇನೆ ಎಂದು ತಲೆ ತಗ್ಗಿಸಿದ. ಸಾರ್ ಗಂಭೀರವಾಗಿ ತಲೆಯಾಡಿಸಿದರು. ಅವನ ಹಿಂದೆಯೇ ಬಿಲ್ಲಮ್ಮ. ಹೋದ ತಿಂಗಳಿನಿಂದ ಒಂದು ಲೆಕ್ಕ ಸರಿಯಿಲ್ಲವೆಂದು ತನಗೆ ಗೊತ್ತಿತ್ತು, ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದೆ ಎಂದಳು. ಅದಕ್ಕೂ ತಲೆಯಾಡಿಸಿದರು. ಅವಳ ಹಿಂದೆ ಬಾಗಿಲಿನಾಚೆ ಇನ್ನೂ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು.

ಎಲ್ಲರೂ ಹೋದ ಮೇಲೆ ಬಾಗಿಲು ಇನ್ನೊಮ್ಮೆ ಮೆಲ್ಲಗೆ ತಟ್ಟಿದ ಸದ್ದಾಯಿತು. ಮೇಡಂ ಒಳಗೆ ಬಂದು, ಹಿಂದೆ ತಿರುಗಿ ನೋಡಿ, ಬಾಗಿಲು ಮುಚ್ಚಿದರು.

“ನಿನ್ನೆ ಸಂಜೆ ಎಲ್ಲರೂ ಹೋದ್ಮೇಲೆ ನಾನೂ ಒಂದು ಸಾಲು ಮುಟ್ಟಿದ್ದೆ, ಸಾರ್. ಸುಮ್ಮನೆ, ಹೇಗಿರುತ್ತೆ ನೋಡೋಣ ಅಂತ. ಅದು ನನ್ನಿಂದಲೇ ಇರಬೇಕು.”

ಜೋಡಣೆ ಸಾರ್ ಇನ್ನೂ ಹೊತ್ತಿಸದ ಕಂಪ್ಯೂಟರ್ ಪರದೆಯನ್ನು ಒಂದು ಕ್ಷಣ ದಿಟ್ಟಿಸಿದರು.

“ಗೊತ್ತಿತ್ತು ಮೇಡಂ,” ಎಂದರು. “ನೀವಾಗಿಯೇ ಬರಲಿ ಅಂತ ಕಾಯ್ತಿದ್ದೆ. ಕೂತ್ಕೊಳ್ಳಿ.”